ಹೊಸ್ತಿಲಾಚೆ ನಿಂತ ಸೋದರತ್ತೆ

ಹಸಿರು ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಂಡ ಮೇಲೆಯೇ ನಮ್ಮ ಮೇಡಂ ಕೈ ತೊಳೆಯಲು ಶುರುಮಾಡುತ್ತಿದ್ದರು. ಬೆರಳ ಸಂದಿಗಳಲ್ಲಿ ಚರ್ಮ ಬೆಳ್ಳಗೆ ಬಿರಿದಿರುತ್ತಿತ್ತು. ಬೈಲಹೊಂಗಲದ ನರ್ಸಿಂಗ್ ಕಾಲೇಜಿನಲ್ಲಿ ಅವರು ನಮಗೆ ಸಾಮಾನ್ಯ ರೋಗಗಳು ಮತ್ತು ಸೋಂಕು ತಡೆಯುವ ಪಾಠ ಮಾಡುತ್ತಿದ್ದರು.

ಪರೀಕ್ಷೆಗೆ ಮುಂಚಿನ ಪುನರಾವರ್ತನೆಯಲ್ಲಿ ಪುಸ್ತಕ ತೆರೆಯಲು ಬಿಡುತ್ತಿರಲಿಲ್ಲ. ಅವರ ಪಾಠದಲ್ಲಿ ಪ್ರತಿ ರೋಗವೂ ಬಸ್ಸು ಹತ್ತಿದ ಒಬ್ಬ ಪ್ರಯಾಣಿಕ, ಅದನ್ನು ಹರಡುವುದು ಕಂಡಕ್ಟರ್.

"ಟೈಫಾಯ್ಡ್ ಎಲ್ಲಿ ಹತ್ತತೈತಿ? ಎಲ್ಲಿ ಇಳಿತೈತಿ? ಕಂಡಕ್ಟರ್ ಯಾರು?"

"ನೊಣಾರೀ ಮೇಡಂ," ಎಂದಳು ದೊಡವಾಡದ ಹುಡುಗಿ.

"ಬರೇ ನೊಣ ಅಲ್ಲವಾ, ನಿನ್ನ ಕೈನೂ ಕಂಡಕ್ಟರನ. ಟಿಕೆಟ್ ಹರದು ಕೊಡಬ್ಯಾಡ ಅದಕ."

ಅವರಿಗೆ ಮಕ್ಕಳಿರಲಿಲ್ಲ. ಇದ್ದೊಬ್ಬ ತಮ್ಮನಿಗೆ ಹೆಣ್ಣುಕೂಸು ಹುಟ್ಟಿದಾಗ ತರಗತಿಗೆಲ್ಲ ಪೇಡೆ ಹಂಚಿದ್ದರು. ನಮ್ಮ ಕಡೆ ಹೆಸರಿಡುವ ಹಕ್ಕು ಸೋದರತ್ತೆಯದು. ಆಕೆ ಕೂಸಿನ ಕಿವಿಯಲ್ಲಿ ಹೇಳುವ ತನಕ ಹೆಸರು ಯಾರಿಗೂ ತಿಳಿಯುವುದಿಲ್ಲ. ಹೇಳುವಾಗ ಸುತ್ತಲಿನ ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರೆ.

ಹೆಸರಿಡುವ ತೊಟ್ಟಿಲ ಕಾರ್ಯ ಸಂಪಗಾಂವದಲ್ಲಿ, ತಮ್ಮನ ಹೆಂಡತಿಯ ತವರಿನಲ್ಲಿ. ಅಷ್ಟರಲ್ಲಿ ಮೇಡಂಗೆ ಬಿಡದ ಕೆಮ್ಮು ಹತ್ತಿತ್ತು. ಕಫ ತಪಾಸಣೆಗೆ ಕೊಟ್ಟು ರಜೆ ಹಾಕಿದ್ದರು. ಕೂಸಿಗೆ ತಂದ ಸಾಮಾನು ಒಳಗೊಯ್ದು ಕೊಡಲು ನನ್ನನ್ನು ಅಲ್ಲಿಗೆ ಬರಹೇಳಿದ್ದರು. ನಾನು ಹೋದಾಗ ಮಾಸ್ಕ್ ಹಾಕಿಕೊಂಡು ಅಂಗಳದಲ್ಲೇ ನಿಂತಿದ್ದರು.

ಕೂಸಿನ ಅಜ್ಜಿ ಹೊಸ್ತಿಲಿಗೆ ಬಂದರು. "ಒಳಗ ಬರ್ರಿ ಅಕ್ಕಾರ. ನಮ್ಮ ಮನಿಗೆ ಕಾಲಿಡಾಕ ಹೇಸಿಕಿ ಬರ್ತೈತೇನ್ರಿ?"

"ಕೆಮ್ಮ ಐತ್ರಿ. ಏನಂತ ಗೊತ್ತಾಗೂಮಟ ನಾ ಕೂಸಿನ ಹತ್ರ ಬರಾಂಗಿಲ್ಲ."

"ಒಂದೀಟ ಕೆಮ್ಮಿಗೆ ಇಷ್ಟ್ಯಾಕ್ರಿ? ಮಾಸ್ಕ ಹಾಕ್ಕೊಂಡೀರಲ್ಲ?"

"ಕೂಸಿನ ಮಾರಿಗೆ ಮಾರಿ ಹಚ್ಚಿ ಹೇಳೂ ಹೆಸರದು. ಮಾಸ್ಕ ನೆಚ್ಚಕೊಂಡು ಅಷ್ಟ ಹತ್ರ ಬರಾಕಾಗಂಗಿಲ್ರಿ."

"ಸೋದರತ್ತಿ ಇದ್ದೂ ಇಲ್ಲದಂಗಾತು," ಎಂದರು ಅಜ್ಜಿ, ಎಲ್ಲರಿಗೂ ಕೇಳುವಂತೆ. ಮೇಡಂ ಅವರ ತಮ್ಮ ಒಳಗಿನಿಂದ ಒಮ್ಮೆ ಇಣುಕಿ ಹೋದ.

ಮೇಡಂ ನನ್ನತ್ತ ತಿರುಗಿದರು. "ನೀ ಹೋಗವಾ, ನನ್ನ ಬದ್ಲಿ." ಹೆಸರನ್ನು ಬೇರೆಯವರು ಕೇಳಬಾರದೆಂದು ನನ್ನ ಫೋನಿಗೆ ಸಂದೇಶ ಕಳಿಸಿದರು.

ಆ ಮನೆಯಲ್ಲಿ ನನಗೆ ಯಾರ ಪರಿಚಯವೂ ಇರಲಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ. ಹೆಂಗಸರು ನಗುತ್ತ ನನ್ನ ಬೆನ್ನಿಗೆ ಗುದ್ದಿದರು. ಕಿಟಕಿಯಿಂದ ನೋಡಿದರೆ ಮೇಡಂ ಮುಖ ಆಚೆ ತಿರುಗಿಸಿ, ಮಾಸ್ಕಿನ ಮೇಲೆ ಸೆರಗೊತ್ತಿ ಕೆಮ್ಮುತ್ತಿದ್ದರು.

ವರದಿ ಬಂತು. ಕ್ಷಯ. ಸಂಪಗಾಂವದ ಮನೆಯವರನ್ನು ತಪಾಸಣೆ ಮಾಡಿದಾಗ ಯಾರಿಗೂ ತಗಲಿರಲಿಲ್ಲ.

ಈಗ ನಾನು ಸವದತ್ತಿಯಲ್ಲಿ ನರ್ಸ್. ನೆಗಡಿಯಾದ ದಿನ ಕೂಸುಗಳ ವಾರ್ಡನ್ನು ಬೇರೆಯವರಿಗೆ ಬಿಟ್ಟುಕೊಡುತ್ತೇನೆ. ಇದನ್ನು ನಾನು ಕಲಿತದ್ದು ತರಗತಿಯಲ್ಲಿ ಅಲ್ಲ, ಆ ಅಂಗಳದಲ್ಲಿ.

ಆಗ, ಆರು ತಿಂಗಳ ಗುಳಿಗೆಗಳೆಲ್ಲ ಮುಗಿದು, ಕಫದಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೇಡಂ ಸಂಪಗಾಂವಕ್ಕೆ ಹೋದರು. ನಾನೂ ಜೊತೆಗಿದ್ದೆ. ಅಜ್ಜಿ ಕೂಸನ್ನು ತಂದು ಅವರ ತೊಡೆಯ ಮೇಲೆ ಕೂರಿಸಿ, "ಇನ್ನರ ಕರೀರಿ ನಿಮ್ಮ ಸೊಸೀನ," ಎಂದರು.

ಅಷ್ಟರಲ್ಲಿ ಅದು ತನ್ನ ಹೆಸರಿಗೆ ತಿರುಗಿ ನೋಡುವುದನ್ನು ಕಲಿತಿತ್ತು. ಆದರೂ ಮೇಡಂ ಕಿವಿಗೆ ಬಾಯಿ ಹಚ್ಚಿ, ಇನ್ನೂ ಯಾರಿಗೂ ಗೊತ್ತಿಲ್ಲದ ಹೆಸರನ್ನು ಹೇಳುವವರ ಹಾಗೆ, ಮೆಲ್ಲಗೆ ಹೇಳಿದರು.