ಗಂಡ ಮಿಗಿಸಿ ಕೊಟ್ಟ ಗುಳಿಗೆಗಳು

ಇವತ್ತು ಬೆಳಿಗ್ಗೆ ಜೋಗೇಶ್ವರಿಗೆ ಹೋಗಲು ಲೋಕಲ್ ರೈಲು ಹತ್ತಿ ಕಿಟಕಿ ಪಕ್ಕ ಕೂತರೆ ಕಣ್ಣೆದುರಿಗೇ ಆ ಹಳದಿ ಸ್ಟಿಕ್ಕರ್. ನೀವೂ ನೋಡಿರುತ್ತೀರಿ. ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ, ಪಕ್ಕದಲ್ಲಿ ಯಾರೋ ಒಬ್ಬ ಡಾಕ್ಟರನ ಭರ್ಜರಿ ಮೀಸೆ. ಇಡೀ ಮುಂಬೈ ಓದುವ ಹಾಗೆ ಬೋಗಿ ಬೋಗಿಗೂ ಅಂಟಿಸಿದ ಮೇಲೆ ಇದರಲ್ಲಿ ಗುಪ್ತ ಏನು ಉಳಿಯಿತೋ ನನಗಂತೂ ತಿಳಿಯದು. ನೆಗಡಿಯೂ ಒಬ್ಬರಿಂದ ಒಬ್ಬರಿಗೆ ಅಂಟುವುದೇ. ಅದನ್ನು ಯಾರೂ ಗುಪ್ತ ಅನ್ನುವುದಿಲ್ಲ.

ನಾವು ಮೊದಲಿದ್ದ ಆಂಟಾಪ್ ಹಿಲ್ ಬಿಲ್ಡಿಂಗಿನವರು ಇನ್ನೂ ಮರ್ಯಾದಸ್ಥರು. ಅಲ್ಲಿ ಇಂಥ ರೋಗಗಳೇ ಇರಲಿಲ್ಲ, ಇದ್ದದ್ದೆಲ್ಲ ಉಷ್ಣ. ಉರಿಮೂತ್ರವೂ ಉಷ್ಣ, ಕಿಬ್ಬೊಟ್ಟೆ ನೋವೂ ಉಷ್ಣ. ನೆಲಮಹಡಿಯ ಕಮಲಕ್ಕ ಈ ವಿಭಾಗದ ಮುಖ್ಯಸ್ಥೆ. ಜೀರಿಗೆ ನೀರು, ಸಬ್ಜಾ ಬೀಜ, ನೆತ್ತಿಗೆ ಹರಳೆಣ್ಣೆ. ಒಮ್ಮೆ ನನ್ನ ಕಣ್ಣು ಕೆಂಪಾದಾಗ ಹೊಕ್ಕುಳಿಗೆ ಹರಳೆಣ್ಣೆ ಬಿಟ್ಟುಕೊಳ್ಳಲು ಹೇಳಿದರು. ನಾನೂ ಓದಿದವಳು, ನೌಕರಿಯಲ್ಲಿದ್ದವಳು, ವಿಧೇಯಳಾಗಿ ಬಿಟ್ಟುಕೊಂಡೆ. ಸೀರೆ ಹಾಳಾಯಿತು, ಕಣ್ಣು ಕೆಂಪಾಗಿಯೇ ಇತ್ತು.

ಎದುರು ಮನೆಗೆ ರೇಖಾ ವಿಜಯಪುರದಿಂದ ಮದುವೆಯಾಗಿ ಬಂದದ್ದು ಆ ಕಾಲದಲ್ಲೇ. ಗಂಡ ಬಸಣ್ಣ ಬಟ್ಟೆ ವ್ಯಾಪಾರಕ್ಕೆಂದು ಊರೂರು ಸುತ್ತುವವನು. ಇಸ್ತ್ರಿ ಮುರಿಯದ ಅಂಗಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಸಂಸ್ಕಾರದ ಮಾತು. ವರ್ಷ ತುಂಬುವುದರೊಳಗೆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಡೆಯತೊಡಗಿದಳು. ಬಿಳಿಸೆರಗು, ಮೇಲಿಂದ ಜ್ವರ. ಕಮಲಕ್ಕನ ಸಬ್ಜಾ ಡಬ್ಬಿ ಖಾಲಿಯಾದರೂ ನೋವು ಹೋಗಲಿಲ್ಲ. ಅವಳಿಗೆ ಹಿಂದಿ, ಮರಾಠಿ ಬಾರದು. ಕೊನೆಗೆ ನಾನೇ ದುಭಾಷಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ನನ್ನ ಮರಾಠಿಯ ಬಗ್ಗೆ ನನಗೆ ಬಹಳ ಜಂಬವಿತ್ತು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಗೇ ಅದು ಇಳಿಯಿತು. ಗಂಡನ ಜೊತೆ ಸೇರುವಾಗ ನೋವಾಗುತ್ತದೆಯೇ ಎಂಬುದನ್ನು ಕನ್ನಡಕ್ಕೆ ತರಲು ಹೋಗಿ, ಮನೆಯಲ್ಲಿ ಎಲ್ಲಾ ಆರಾಮವೇ ಎಂದು ಕೇಳಿದೆ. ರೇಖಾ ನನ್ನ ಮುಖ ನೋಡಿ ತಾನೇ ಬಿಡಿಸಿ ಹೇಳಿದಳು.

"ಮೊದಲ ಇವರಿಗೇ ಉರಿ ಇತ್ರಿ ಅಕ್ಕಾರ. ಡಾಕ್ಟರ್ ಗುಳಿಗಿ ಕೊಟ್ಟಿದ್ರು. ಆರಾಮ ಆತು ಅಂತ ಅರ್ಧಕ್ಕ ಬಿಟ್ರು. ಉಳದದ್ದು ನನಗ ಕೊಟ್ಟಾರ, ಉಷ್ಣಕ್ಕ ಚಲೋ ಅಂತ."

ಗಂಡ ಉಂಡ ಎಲೆಯಲ್ಲೇ ಹೆಂಡತಿ ಉಣ್ಣುವ ಪದ್ಧತಿಯನ್ನು ನಾವು ಬಿಟ್ಟಿದ್ದೇವೆ ಅಂದುಕೊಂಡಿದ್ದೆ. ಬಸಣ್ಣ ಅದನ್ನು ಔಷಧಿಯವರೆಗೂ ಮುಂದುವರಿಸಿದ್ದ. ರೋಗ ತಂದವನೂ ಅವನೇ, ಮಿಗಿಸಿದ ಗುಳಿಗೆಯನ್ನು ಉಪಕಾರವೆಂಬಂತೆ ಕೊಟ್ಟವನೂ ಅವನೇ. ನನಗೆ ಮೈಯೆಲ್ಲ ಉರಿಯಿತು, ಮತ್ತು ಅದು ಉಷ್ಣವಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಅರ್ಧ ಔಷಧಿಗೆ ರೋಗಾಣು ಸಾಯುವುದಿಲ್ಲ, ಉರಿ ನಿಂತರೆ ಸೋಂಕು ಹೋಯಿತೆಂದಲ್ಲ ಎಂದರು. ಎಷ್ಟೋ ಹೆಂಗಸರಿಗೆ ಯಾವ ಲಕ್ಷಣವೂ ಕಾಣದೆ ಒಳಗೊಳಗೇ ಗರ್ಭನಾಳ ಕೆಡುತ್ತದಂತೆ. ಗಂಡ ಹೆಂಡತಿ ಇಬ್ಬರೂ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, ಇಬ್ಬರೂ ಔಷಧಿ ಪೂರ್ತಿ ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ಸೇರಬಾರದು. ಒಬ್ಬರೇ ತೆಗೆದುಕೊಂಡರೆ ಇನ್ನೊಬ್ಬರಿಂದ ಮತ್ತೆ ಬರುತ್ತದೆ. "ಅವರನ್ನು ಕರೆದುಕೊಂಡು ಬನ್ನಿ" ಎಂದು ನನಗೇ ಹೇಳಿದರು.

ಬಸಣ್ಣ ಬರುತ್ತಾನೆಯೇ? "ನನಗೇನಾಗೇತ್ರಿ, ಗುಂಡಕಲ್ಲ ಇದ್ದಂಗ ಅದೀನಿ. ಅಕೀಗೆ ತೋರಸ್ರಿ" ಎಂದ. ರೇಖಾ ವಾದ ಮಾಡಲಿಲ್ಲ. ಹಾಸಿಗೆ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. "ನೀವು ದವಾಖಾನಿಗೆ ಬರೂತನಕ ನಾ ಇಲ್ಲೇ" ಎಂದು ಗಂಡನಿಗೆ ಹೇಳಿದಳು. ಬಿಲ್ಡಿಂಗಿನವರು ಕಾರಣ ಕೇಳತೊಡಗಿದ ಮೇಲೆ ಸಂಸ್ಕಾರವಂತ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಸಣ್ಣ ಆಸ್ಪತ್ರೆಗೆ ಬಂದ. ಇಬ್ಬರ ಸೋಂಕೂ ವಾಸಿಯಾಯಿತು. ಆದರೆ ಅಷ್ಟರಲ್ಲಿ ಅವಳ ನಾಳಗಳು ಕೆಟ್ಟಿದ್ದವು. ಅದನ್ನು ಯಾವ ಗುಳಿಗೆಯೂ ಸರಿಮಾಡಲಿಲ್ಲ. ಮಕ್ಕಳಾಗದ್ದಕ್ಕೆ ಜನ ಅವಳನ್ನು ಆಡಿಕೊಂಡರು. ಬಸಣ್ಣ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲ.

ಇವತ್ತು ನಾನು ಜೋಗೇಶ್ವರಿಗೆ ಹೋಗಿದ್ದು ಕಮಲಕ್ಕನ ಮೊಮ್ಮಗುವಿನ ನಾಮಕರಣಕ್ಕೆ. ಎರಡು ಕೋಣೆಯ ಮನೆ, ಹಳೆಯ ಬಿಲ್ಡಿಂಗಿನವರೆಲ್ಲ ಇದ್ದರು. ಮಗುವನ್ನು ತೊಟ್ಟಿಲಿಗೆ ಹಾಕುವಾಗ ರೇಖಾ ಕೈ ಚಾಚಿದಳು. ಕಮಲಕ್ಕ ನಗುನಗುತ್ತಲೇ, "ನೀ ಬ್ಯಾಡವಾ, ಮಕ್ಕಳೊಂದಿಗರು ಹಿಡೀಲಿ" ಎಂದರು.

ರೇಖಾ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನನಗ ಔಷಧ ತಡಾ ಆತ್ರಿ ಕಮಲಕ್ಕ. ಯಾಕ ತಡಾ ಆತು, ರೋಗ ಎಲ್ಲಿಂದ ಬಂತು, ಇವರನ್ನ ಕೇಳ್ರಿ. ಇಲ್ಲೇ ಕುಂತಾರ."

ಬಾಗಿಲ ಬಳಿ ಲಾಡು ತಿನ್ನುತ್ತಿದ್ದ ಬಸಣ್ಣನ ಕಡೆಗೆ ಎಲ್ಲರೂ ತಿರುಗಿದರು. ಅವನು ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತ. ನನಗೆ ಎಂಥ ಸಂತೋಷವಾಯಿತೆಂದರೆ, ಬಚ್ಚಿಡುವ ಮನಸ್ಸೂ ಆಗಲಿಲ್ಲ. ಮಗುವಿನ ತಾಯಿ ಎದ್ದು ಬಂದು ಮಗುವನ್ನು ಎತ್ತಿ ರೇಖಾಳ ಕೈಗೆ ಕೊಟ್ಟಳು.