ನಿಧಾನದ ಕೈಗೆ ಕೊಟ್ಟ ಅಂಕ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಅಂಕಿಗಳ ಮೇಲೆ ಇದ್ದಷ್ಟು ಭಕ್ತಿ ದೇವರ ಮೇಲೂ ಇರಲಿಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ದಂಡು ಪ್ರದೇಶದ ಒಂದು ಪುಟ್ಟ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರೊಬ್ಬರ ಕೈಕೆಳಗೆ ಸಹಾಯಕಿಯಾಗಿ ಸೇರಿದ್ದೆ. ನಮ್ಮ ಮನೆ ಇದ್ದದ್ದು ಇಂದಿರಾನಗರದಲ್ಲಿ. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ನಾನು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡರೆ ಸಾಕು, "ನೋಡೇ, ಜನರ ಬುದ್ಧಿ ಅಳೆಯೋಕೆ ಟೇಪು ತಗೊಂಡು ಹೊರಟ್ಲು ನಿನ್ ಮಗಳು" ಎಂದು ಅಮ್ಮನಿಗೆ ಕೂಗಿ ಹೇಳುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. "ಬುದ್ಧಿ ಅಲ್ಲಪ್ಪಾ, ಕೈಚಳಕ" ಎಂದು ತಿದ್ದದೆ ಗೇಟು ದಾಟುತ್ತಿರಲಿಲ್ಲ.

ಕೈಚಳಕ ಅಳೆಯುವುದೇ ನಮ್ಮ ಕೆಲಸವಾಗಿತ್ತು. ದೊಡ್ಡನೆಕ್ಕುಂದಿಯ ಕಡೆ ರೇಡಿಯೋ ಬಿಡಿಭಾಗ ಮಾಡುವ ಸಣ್ಣದೊಂದು ಖಾಸಗಿ ಕಾರ್ಖಾನೆ ಇತ್ತು. ಹೆಸರು ಬೇಡ, ಅದು ಮುಚ್ಚಿಹೋಗಿ ಬಹಳ ಕಾಲವಾಯಿತು. ಅಲ್ಲಿ ತಂತಿ ಜೋಡಿಸುವ ವಿಭಾಗದಲ್ಲಿದ್ದವರೆಲ್ಲ ಹೆಂಗಸರು. ಅವರಲ್ಲಿ ಹಲವರು ಇನ್ನೂ ಖಾಯಂ ಆಗಿರಲಿಲ್ಲ, ಆರು ತಿಂಗಳು ಕೆಲಸ ನೋಡಿ ಆಮೇಲೆ ಹೇಳುತ್ತೇವೆ ಎಂದು ತೆಗೆದುಕೊಂಡವರು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸಲು ಮ್ಯಾನೇಜರಿಗೆ ವೈಜ್ಞಾನಿಕವಾದ ಪರೀಕ್ಷೆಯೊಂದು ಬೇಕಾಗಿತ್ತು. ಅದು ಪ್ರೊಫೆಸರರ ಹತ್ತಿರ ಇತ್ತು: ಸಾಲು ಸಾಲು ತೂತುಗಳಿರುವ ಒಂದು ಹಲಗೆ, ಬಟ್ಟಲ ತುಂಬ ಹಿತ್ತಾಳೆಯ ಪಿನ್ನುಗಳು, ಒಂದು ಸ್ಟಾಪ್‌ವಾಚು. ಗೊತ್ತುಪಡಿಸಿದ ಸಮಯದಲ್ಲಿ ಎಷ್ಟು ಪಿನ್ನುಗಳನ್ನು ತೂತಿಗೆ ಇಳಿಸುತ್ತೀರೋ ಅಷ್ಟು ಅಂಕ.

"ಪರೀಕ್ಷೆ ಇದೆ ಅಂದ ಮಾತ್ರಕ್ಕೆ ಆಗಲ್ಲಮ್ಮ" ಎಂದು ಪ್ರೊಫೆಸರರು ಮೊದಲ ದಿನವೇ ಹೇಳಿದ್ದರು. "ಎರಡು ವಿಷಯ ನೋಡ್ಬೇಕು. ರಿಲಯಬಿಲಿಟಿ ಅಂದ್ರೆ ಎಷ್ಟು ಸಲ ಕೇಳಿದ್ರೂ ಅದೇ ಉತ್ತರ ಬರೋದು. ವ್ಯಾಲಿಡಿಟಿ ಅಂದ್ರೆ ನೀನು ಕೇಳಿದ ಪ್ರಶ್ನೆಗೇ ಆ ಉತ್ತರ ಬರೋದು. ಮೊದಲನೇದು ಸುಲಭ. ಎರಡನೇದು ಜೀವ ತಿನ್ನುತ್ತೆ."

ಎರಡನೆಯದಕ್ಕೆ ನಾವು ಮಾಡಿಕೊಂಡ ಉಪಾಯ ಇಷ್ಟು. ಹೆಂಗಸರ ಕೆಲಸವನ್ನು ದಿನಾ ನೋಡುವ ಫೋರ್‌ಮನ್ ಪ್ರತಿಯೊಬ್ಬರಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ನಮ್ಮ ಹಲಗೆ ಕೊಟ್ಟ ಅಂಕವೂ ಅವರು ಕೊಟ್ಟ ಅಂಕವೂ ಒಂದರ ಜೊತೆ ಒಂದು ಏರಿ ಇಳಿದರೆ ಪರೀಕ್ಷೆ ಸರಿ. ಇಲ್ಲವಾದರೆ ಹಲಗೆಯನ್ನು ಒಲೆಗೆ ಹಾಕಬೇಕು.

ಪರದೇಶದಿಂದ ಬಂದಿದ್ದ ಪಿನ್ನುಗಳಲ್ಲಿ ಅರ್ಧಕ್ಕರ್ಧ ಕಳೆದುಹೋಗಿದ್ದವು. ಮತ್ತೆ ತರಿಸಬೇಕಾದರೆ ಲೈಸೆನ್ಸು, ಅರ್ಜಿ, ವರ್ಷಗಟ್ಟಲೆ ಕಾಯುವುದು. ನಾನು ಜಾಣೆ, ಶಿವಾಜಿನಗರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅದೇ ಅಳತೆಯ ಪಿನ್ನುಗಳನ್ನು ತೂಕದ ಲೆಕ್ಕದಲ್ಲಿ ತಂದೆ. "ಏಕ್ ನಂಬರ್ ಮಾಲ್ ಮೇಡಂ, ಕಣ್ ಮುಚ್ಕೊಂಡ್ ತಗೊಂಡೋಗಿ" ಎಂದ ಅಂಗಡಿಯವನು. ನಾನು ಹಾಗೆಯೇ ತಗೊಂಡು ಬಂದೆ.

ಕಾರ್ಖಾನೆಯಲ್ಲಿ ನಮಗೆ ಸ್ಟೋರಿನ ಪಕ್ಕದ ಕೋಣೆ ಕೊಟ್ಟಿದ್ದರು. ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಕಗ್ಗದಾಸಪುರದಿಂದ ನಡೆದು ಬರುತ್ತಿದ್ದ ಒಬ್ಬಾಕೆ, ವಯಸ್ಸು ಮೂವತ್ತೈದಿರಬಹುದು, ಕೂರುವ ಮೊದಲೇ ಕೇಳಿದರು. "ಇದ್ರಲ್ಲಿ ಪಾಸಾದ್ರೆ ಪರ್ಮನೆಂಟ್ ಮಾಡ್ತಾರಂತೆ, ದಿಟವಾ ಮೇಡಮ್ಮ?"

"ನನಗೆ ಗೊತ್ತಿಲ್ರೀ. ನಾನು ಬರೀ ಅಳೆಯೋಳು" ಎಂದೆ.

"ಪರ್ಮನೆಂಟ್ ಆದ್ರೆ ಮಗಳನ್ನ ಇಸ್ಕೂಲಿಂದ ಬಿಡಿಸಲ್ಲ. ಇಲ್ದಿದ್ರೆ ಅವ್ಳೂ ಕೂಲಿಗೆ ಬರ್ಬೇಕು. ಚೆನ್ನಾಗಿ ಓದ್ತಾಳೆ ಮೇಡಮ್ಮ" ಎಂದು ಸೆರಗಿನಲ್ಲಿ ಕೈಯೊರೆಸಿಕೊಂಡು ಹಲಗೆಯ ಮುಂದೆ ಕೂತರು. ನಾನು ಸ್ಟಾಪ್‌ವಾಚು ಒತ್ತಿದೆ. ಆಕೆಯ ಅಂಕ ಎಲ್ಲರಿಗಿಂತ ಕಡಿಮೆ ಬಂತು. ಪಾಪ ಎನ್ನಿಸಿತು, ಬರೆದುಕೊಂಡೆ. ಹಲಗೆಯ ಅಂಚಿನಲ್ಲಿ ಆಕೆ ಇಟ್ಟುಹೋಗಿದ್ದ ನಾಲ್ಕಾರು ಪಿನ್ನುಗಳನ್ನು ಬಟ್ಟಲಿಗೆ ವಾಪಸು ಹಾಕಿ ಮುಂದಿನವರನ್ನು ಕರೆದೆ.

ಫೋರ್‌ಮನ್ ಹಲಸೂರಿನವರು, ಮನೆಮಾತು ತಮಿಳು, ನಿವೃತ್ತಿಗೆ ಹತ್ತಿರವಾದವರು. ಮನೆಯಿಂದ ಫ್ಲಾಸ್ಕಿನಲ್ಲಿ ತಂದ ಕಾಫಿಯಲ್ಲಿ ನನಗೂ ಅರ್ಧ ಲೋಟ ಬಗ್ಗಿಸುತ್ತಿದ್ದರು. ಆ ಸಂಜೆಯೂ ಬಗ್ಗಿಸಿ, "ನಮ್ ಹುಡ್ಗೀರು ಹೆಂಗ್ ಮಾಡಿದ್ರಮ್ಮಾ? ಸುಮ್ನೆ ಒಂದ್ಸಲ ನೋಡ್ತೀನಿ ಕೊಡಿ" ಎಂದು ಕೈ ಚಾಚಿದರು. ಅಪ್ಪನ ವಯಸ್ಸಿನವರು, ಅವರ ಕಾಫಿ ಕುಡಿಯುತ್ತ ಕೂತಿದ್ದೇನೆ, ಪುಸ್ತಕ ಮುಚ್ಚಿಟ್ಟುಕೊಂಡು ಕೊಡಲ್ಲ ಎನ್ನುವುದು ಹೇಗೆ? ನಮ್ಮ ಮನೆಯಲ್ಲಿ ಯಾರಿಗೂ ಅಂಥ ಬಾಯಿ ಇರಲಿಲ್ಲ. ಕೊಟ್ಟೆ. ಅವರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿ, ಮಡಚಿ, ಮರ್ಯಾದೆಯಿಂದ ವಾಪಸು ಕೊಟ್ಟರು.

ವಾರದ ನಂತರ ಅವರ ಅಂಕಗಳು ಬಂದವು. ಕೇಂದ್ರದಲ್ಲಿ ಹಿಡಿ ತಿರುಗಿಸುವ ಲೆಕ್ಕದ ಯಂತ್ರವೊಂದಿತ್ತು. ಎರಡು ದಿನ ಅದನ್ನು ತಿರುಗಿಸಿ ನನ್ನ ತೋಳು ಬಿದ್ದುಹೋಯಿತು. ಉತ್ತರ ನೋಡಿ ನಂಬಿಕೆ ಬರದೆ ಮೂರು ಸಲ ಮಾಡಿದೆ. ಹಲಗೆಯೂ ಫೋರ್‌ಮನ್ನರೂ ಮಾತಾಡಿಕೊಂಡ ಹಾಗೆ ಹೊಂದಿಕೊಂಡಿದ್ದರು. ಪ್ರೊಫೆಸರರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನನ್ನ ಸರ್ವೀಸಲ್ಲೇ ಇಂಥ ರಿಸಲ್ಟ್ ನೋಡಿಲ್ಲ ಕಣಮ್ಮ" ಎಂದರು. ಆ ಸಂಜೆ ಕಮರ್ಷಿಯಲ್ ಸ್ಟ್ರೀಟಿನ ಹತ್ತಿರದ ಹೋಟೆಲಿನಲ್ಲಿ ನನಗೆ ದೋಸೆ ಕೊಡಿಸಿದರು. ಪ್ರಬಂಧದ ಮೇಲೆ ನನ್ನ ಹೆಸರೂ ಇರುತ್ತದೆ ಎಂದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಕಾರ್ಖಾನೆಗೆ ಪಟ್ಟಿ ಹೋಯಿತು. ಒಂದು ಗೆರೆ, ಗೆರೆಯ ಕೆಳಗೆ ಆರು ತಿಂಗಳು ತುಂಬಿದೊಡನೆ ಮನೆಗೆ ಕಳಿಸಬೇಕಾದ ನಾಲ್ಕು ಹೆಸರು, ನಾಲ್ಕರಲ್ಲಿ ಕೊನೆಯದು ಕಗ್ಗದಾಸಪುರದಾಕೆಯದು.

ಉಳಿದಿದ್ದದ್ದು ಸುಲಭದ ಕೆಲಸ. ತಿಂಗಳು ಬಿಟ್ಟು ಅದೇ ಪರೀಕ್ಷೆಯನ್ನು ಅದೇ ಹೆಂಗಸರಿಗೆ ಮತ್ತೊಮ್ಮೆ ಮಾಡಿ, ಅದೇ ಅಂಕ ಬರುತ್ತದೆಯೇ ಎಂದು ನೋಡುವುದು. ಬಂತು. ಕಗ್ಗದಾಸಪುರದಾಕೆಗೂ ಹೋದ ಸಲದಷ್ಟೇ ಬಂದಾಗ ನನಗೆ ಖುಷಿಯಾಯಿತು ಎಂದು ಹೇಳಿಕೊಳ್ಳಲು ಇವತ್ತು ನಾಚಿಕೆಯಾಗುತ್ತದೆ. ಎದುರಿಗೆ ಒಬ್ಬರ ಅನ್ನ ಹೋಗುತ್ತಿದೆ, ನಾನು ಒಳಗೊಳಗೇ ಹಿಗ್ಗುತ್ತಿದ್ದೇನೆ!

ಆಗ ಹಲಗೆಯ ಅಂಚು ಕಣ್ಣಿಗೆ ಬಿತ್ತು. ಮತ್ತೆ ನಾಲ್ಕಾರು ಪಿನ್ನು, ಸಾಲಾಗಿ ಜೋಡಿಸಿಟ್ಟದ್ದು.

"ಇವನ್ನ ಯಾಕ್ರೀ ಪಕ್ಕಕ್ಕಿಟ್ರಿ?"

"ಸೊಟ್ಟ ಅವೆ ಮೇಡಮ್ಮ. ಇದು ನೋಡಿ, ತುದಿ ಒರಟಾಗೈತೆ."

ಬೆಳಕಿಗೆ ಹಿಡಿದು ನೋಡಿದೆ. ನಿಜ. ಇಷ್ಟು ದಿನ ಅವು ನನ್ನ ಕೈಯಲ್ಲೇ ಓಡಾಡಿದ್ದರೂ ನನಗೆ ಕಂಡಿರಲಿಲ್ಲ. "ಬೇಗ ಬೇಗ ಹಾಕಿ ಅಂತ ನಾನು ಹೇಳಿರ್ಲಿಲ್ವಾ?" ಎಂದೆ, ಸ್ವಲ್ಪ ಗದರಿಸಿಯೇ.

"ಬೇಗ ಹಾಕು ಅಂದ್ರಿ. ಕೆಟ್ಟಿದ್ದು ಹಾಕು ಅನ್ಲಿಲ್ವಲ್ಲ" ಎಂದರು ಆಕೆ. "ಸೊಟ್ಟ ಇರೋದು ಹಾಕಿದ್ರೆ ಆಮೇಲೆ ಸೆಟ್ಟು ಕೆಡ್ತದೆ. ನಾವು ಪ್ರತಿಯೊಂದೂ ತಿರುಗಿಸಿ ನೋಡೇ ಹಾಕೋದು."

ನಾನು ಅಳೆದದ್ದು ಕೈಯ ಚುರುಕನ್ನಲ್ಲ. ಕೆಟ್ಟದ್ದನ್ನು ಕಂಡೂ ಕಾಣದ ಹಾಗೆ ತುರುಕುವವರು ಯಾರು, ಮನಸ್ಸೊಪ್ಪದೆ ಎತ್ತಿಡುವವರು ಯಾರು ಎನ್ನುವುದನ್ನು ಅಳೆದು, ಎತ್ತಿಟ್ಟವರನ್ನೇ ಗೆರೆಯ ಕೆಳಗೆ ಹಾಕಿದ್ದೆ. ಆದರೆ ಹಾಗಿದ್ದರೆ ಫೋರ್‌ಮನ್ ಯಾಕೆ ಆಕೆಗೆ ಅಷ್ಟು ಕಡಿಮೆ ಕೊಟ್ಟರು? ದಿನಾ ನೋಡುವವರಿಗೂ ಗೊತ್ತಾಗಲಿಲ್ಲವೇ? ಆ ಕ್ಷಣವೇ ಹೋಗಿ ಕೇಳಿದೆ.

ಅವರು ತಪಾಸಣೆಯ ರಿಜಿಸ್ಟರು ತೆಗೆದು ನನ್ನ ಮುಂದಿಟ್ಟರು. ಸರಿಯಿಲ್ಲವೆಂದು ವಾಪಸು ಬಂದ ಸೆಟ್ಟುಗಳ, ಅಂದರೆ ಅವರು ಜೋಡಿಸಿದ ಭಾಗಗಳ, ಪಟ್ಟಿಯಲ್ಲಿ ಆಕೆಯ ಹೆಸರು ಒಂದು ಸಲವೂ ಇರಲಿಲ್ಲ. ಆಮೇಲೆ ಮೇಜಿನ ಖಾನೆಯಿಂದ ತಮ್ಮ ಮೊದಲ ಹಾಳೆಯನ್ನು ತೆಗೆದು ತೋರಿಸಿದರು. ಆಕೆಯ ಹೆಸರಿನ ಮುಂದೆ ಒಂಬತ್ತು ಎಂದು ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ಮೂರು ಎಂದು ಬರೆದಿತ್ತು.

"ನಿಮ್ ಪುಸ್ತಕದಲ್ಲಿ ಕೊನೇಲಿತ್ತಲ್ಲಮ್ಮಾ ಆಯಮ್ಮನ ಹೆಸರು" ಎಂದರು. "ಎಂ.ಎ. ಓದಿರೋ ಮಗು, ವಾಚ್ ಇಟ್ಕೊಂಡು ನೋಡಿರೋದು. ನಂದೇನು, ಬರೀ ಕಣ್ಣಳತೆ. ನಂದೇ ತಪ್ಪಿರ್ಬೇಕು ಅಂತ ತಿದ್ದಿದೆ."

ಹಲಗೆಯೂ ಅವರೂ ಹೊಂದಿಕೊಂಡದ್ದು ಹೀಗೆ. ನನ್ನ ಅಂಕವನ್ನೇ ಅವರ ಕೈಯಲ್ಲಿ ಬರೆಸಿ, ಎರಡೂ ಒಂದೇ ಎಂದು ನಾನು ದೋಸೆ ತಿಂದಿದ್ದೆ. ಅವರ ಮೇಲೆ ಕೋಪ ಬರಲಿಲ್ಲ. ಮೂವತ್ತು ವರ್ಷ ನೋಡಿ ಪಳಗಿದ ಕಣ್ಣನ್ನು ನನ್ನ ಒಂದು ನೋಟ್‌ಬುಕ್ಕಿಗೆ ತಲೆಬಾಗಿಸಿದ್ದರು. ನನ್ನ ಮೇಲೆ ಮಾತ್ರ ಕೆಂಡದಂಥ ಕೋಪ ಬಂತು.

ಪ್ರೊಫೆಸರರಿಗೆ ಎಲ್ಲವನ್ನೂ ಹೇಳುವಾಗ ಅತ್ತುಬಿಟ್ಟೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. "ರಿಸಲ್ಟ್ ಅಷ್ಟು ಚೆನ್ನಾಗಿದ್ದಾಗ್ಲೇ ನಾನು ಅನುಮಾನ ಪಡ್ಬೇಕಿತ್ತು. ಆಸೆ ಆಯ್ತು ನಂಗೂ" ಎಂದಷ್ಟೇ ಹೇಳಿ, ಮುಗಿಯುತ್ತ ಬಂದಿದ್ದ ಪ್ರಬಂಧದ ಹಾಳೆಗಳನ್ನು ಕಟ್ಟಿ ಬೀರುವಿನಲ್ಲಿಟ್ಟರು. ಊರಲ್ಲಿರದ ಮ್ಯಾನೇಜರು ವಾರದ ನಂತರ ಬಂದಾಗ ಇಬ್ಬರೂ ಅವರ ಮುಂದೆ ಕೂತೆವು. ಪರೀಕ್ಷೆ ಸರಿಯಿಲ್ಲ, ಪಟ್ಟಿಯನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದು ಪ್ರೊಫೆಸರರು ಬರೆದುಕೊಟ್ಟರು. ಮ್ಯಾನೇಜರು ಮುಖ ಗಂಟು ಹಾಕಿಕೊಂಡೇ, ಆ ನಾಲ್ವರಿಗೆ ಇನ್ನು ಮೂರು ತಿಂಗಳು ಕೊಡುತ್ತೇನೆ, ತಪಾಸಣೆಯ ರಿಜಿಸ್ಟರು ನೋಡಿ ತೀರ್ಮಾನ ಮಾಡುತ್ತೇನೆ ಎಂದರು.

ಸುದ್ದಿ ಹೇಳಲು ತಂತಿ ಜೋಡಿಸುವ ವಿಭಾಗಕ್ಕೆ ಓಡಿದೆ. ಅಲ್ಲಿ ಆಕೆಯ ಕೈ ನೋಡಿ ನಿಂತುಬಿಟ್ಟೆ. ತಾನು ಗೆರೆಯ ಕೆಳಗಿರುವ ಗುಸುಗುಸು ಅಷ್ಟರಲ್ಲಿ ಆಕೆಯ ಕಿವಿಗೂ ಬಿದ್ದಿತ್ತು. ತಟ್ಟೆಯಿಂದ ಪುಟ್ಟ ಬಿಡಿಭಾಗ ಎತ್ತುವುದು, ಸೆಟ್ಟಿಗೆ ಹಾಕುವುದು, ಎತ್ತುವುದು, ಹಾಕುವುದು. ಯಾವುದನ್ನೂ ತಿರುಗಿಸಿ ನೋಡುತ್ತಿರಲಿಲ್ಲ. "ನೆನ್ನೆ ಎರಡು ಸೆಟ್ಟು ವಾಪಸ್ ಬಂತು, ಮೊದಲ್ನೇ ಸಲ" ಎಂದು ಫೋರ್‌ಮನ್ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು.

ಆಕೆ ನನ್ನನ್ನು ನೋಡಿ ನಕ್ಕರು. "ಈಗ ಬೇಗ ಬರ್ತೈತೆ ಮೇಡಮ್ಮ. ಮನೇಲಿ ಮಗಳು ಎಣಿಸ್ತಾಳೆ, ನಾನು ಹುಣಸೆಬೀಜ ಇಟ್ಕೊಂಡು ಅಬ್ಯಾಸ ಮಾಡ್ತೀನಿ. ಇನ್ನೊಂದ್ಸಲ ಪರೀಕ್ಷೆ ತಗೊಳ್ಳಿ."

"ಬೇಡ ಅಕ್ಕಾ" ಎಂದೆ. "ನೀವು ಮೊದ್ಲು ಮಾಡ್ತಿದ್ರಲ್ಲ, ಹಂಗೇ ಮಾಡಿ. ಅದೇ ಸರಿ. ತಪ್ಪು ಮಾಡಿದ್ದು ನಾನು."

ಆಕೆ ನಂಬಲಿಲ್ಲ. ಯಾಕೆ ನಂಬಬೇಕು? ಒಂದು ತಿಂಗಳ ಹಿಂದೆ ಕೈ ನಿಧಾನವೆಂದು ಬರೆದವಳು ನಾನೇ. "ನಿಧಾನಕ್ಕೆ ಮಾಡು ಅಂತ ಬಾಯಲ್ಲಿ ಅಂದ್ಬುಟ್ಟು ನೀವು ಹೋಯ್ತೀರ" ಎಂದರು. "ಬರ್ದಿದ್ದು ಹಂಗೇ ಇರ್ತದೆ. ಇದನ್ನೂ ಬರ್ದು ಕೊಡಿ."

ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆದೆ: ಈಕೆಯ ಕೈ ನಿಧಾನವಲ್ಲ. ಪರೀಕ್ಷೆ ತಪ್ಪಾಗಿತ್ತು, ಪರೀಕ್ಷೆ ಮಾಡಿದವಳು ನಾನು. ಈಕೆ ನೋಡಿ ನೋಡಿಯೇ ಕೆಲಸ ಮಾಡಬೇಕು. ಕೆಳಗೆ ಸಹಿ ಹಾಕಿದೆ. ಓದಲು ಬಾರದ ಆಕೆ ಹಾಳೆಯನ್ನು ಫೋರ್‌ಮನ್ನರ ಕೈಗೆ ಕೊಟ್ಟರು. ಅವರು ಕನ್ನಡಕ ಏರಿಸಿ, ತಡವರಿಸುವ ಕನ್ನಡದಲ್ಲಿ, ಇಡೀ ಸಾಲಿಗೆ ಕೇಳುವಂತೆ ಓದಿದರು. ಕೈಗಳೆಲ್ಲ ನಿಂತವು. ಆಕೆ ತಲೆ ತಗ್ಗಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು.

"ಇನ್ನೊಂದ್ಸಲ ಓದಿ ಸಾರ್" ಎಂದರು, ಓದಿ ಮುಗಿದ ಮೇಲೆ. "ಮೊದಲ್ನೇ ಸಾಲು ಸಾಕು."