ಮಾಣಿಕಪ್ಪನ ದನಿ

ಸಿನಿಮಾದ ಹೀರೋಗಳ ಮುಖ ನನ್ನ ನೆನಪಿನಲ್ಲಿ ಉಳಿಯುವುದಿಲ್ಲ. ಹೀರೋ ಉದ್ದುದ್ದ ಮಾತಾಡುವಾಗ ಎದುರಿಗೆ ಸುಮ್ಮನೆ ನಿಂತು ಕೇಳುತ್ತಾನಲ್ಲ, ಆ ಮುದಿ ಗುಮಾಸ್ತ, ಆ ಆಳುಮಗ, ನನ್ನ ಕಣ್ಣು ಅವನ ಮೇಲೇ ಹೋಗುತ್ತದೆ. ಈ ಚಟ ಹತ್ತಿಸಿದವನು ನಮ್ಮೂರು ಮೋರಖಂಡಿಯ ಮಾಣಿಕಪ್ಪ.

ನಾಟಕ ಕಂಪನಿ ಸೇರಿ, ಅಲ್ಲಿಂದ ಮದರಾಸಿನ ಸ್ಟುಡಿಯೋ ಮುಟ್ಟಿದ ಮಾಣಿಕಪ್ಪ ಎಷ್ಟೋ ವರ್ಷ ಬರೀ ಕೇಳುವ ಪಾತ್ರ ಮಾಡಿದ. ಶಾಸ್ತ್ರದವರು ಅಭಿನಯವನ್ನು ನಾಲ್ಕು ಭಾಗ ಮಾಡಿದ್ದಾರೆ. ಕೇಳಿಸಿಕೊಳ್ಳುವುದನ್ನು ಯಾವುದರಲ್ಲಿ ಸೇರಿಸಿದರೋ ನಾನರಿಯೆ. ಹೀರೋ ಕಷ್ಟ ಹೇಳಿಕೊಂಡರೆ ಇವನ ಗಂಟಲು ಮೆಲ್ಲಗೆ ಏರಿ ಇಳಿಯುತ್ತಿತ್ತು, ಅಷ್ಟೆ. ಹುಮನಾಬಾದಿನ ತಗಡಿನ ಟಾಕೀಸಿನಲ್ಲಿ ಹೆಂಗಸರು ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು.

ಕೊನೆಗೊಮ್ಮೆ ಅವನಿಗೆ ಮಾತಿರುವ ಪಾತ್ರ ಸಿಕ್ಕಿತು, ನಾಯಕಿಯ ತಂದೆಯದು. ಸಿಕ್ಕಿದ್ದೇ ತಡ, ಊರಿಗೆ ಬಂದು ನನ್ನ ಮುಂದೆ ಕೂತ. ನಾನಾಗ ಬಸವಕಲ್ಯಾಣದಲ್ಲಿ ಕನ್ನಡ ಮಾಸ್ತರ. ಉರ್ದುವಿನಲ್ಲಿ ಓದಿ, ೧೯೫೬ರಲ್ಲಿ ನಮ್ಮ ಸೀಮೆ ಕನ್ನಡ ನಾಡಿಗೆ ಸೇರಿದ ಮೇಲೆ ಕನ್ನಡ ಕಲಿಸಲು ನಿಂತವನು. ಹೊಸದಾಗಿ ದೀಕ್ಷೆ ಪಡೆದವರ ಮಡಿಯೆಲ್ಲ ನನ್ನ ನಾಲಿಗೆಯ ಮೇಲಿತ್ತು.

“ಮಾಸ್ತರ್, ನನ್ನ ಜಬಾನ್ ಜರಾ ತಿದ್ದರಿ,” ಎಂದ. “ಅವ್ವನ ಕಣ್ಣು ಪೂರಾ ಹೋಗ್ಯಾವ. ನಾ ಸಿನಿಮಾದಾಗ ಸುಮ್ಮ ನಿಂತರ ಆಕಿಗೆ ಹ್ಯಾಂಗ ಗೊತ್ತಾಗಬೇಕ್ರಿ? ಈ ಸಲ ನನ್ನ ಮಾತು ಕೇಳ್ತಾಳ.”

ಎಂಟು ದಿನ ತಿದ್ದಿದೆ. ‘ಯಾಕ’ ಅಲ್ಲ, ‘ಏಕೆ’. ‘ಬ್ಯಾಡ’ ಅಲ್ಲ, ‘ಬೇಡ’. ನನ್ನ ದರ್ಪವನ್ನೂ ಅವನು ಮನಸಿಟ್ಟು ಕೇಳಿಸಿಕೊಂಡ.

ಚಿತ್ರ ಹುಮನಾಬಾದಿಗೆ ಬಂದಾಗ ಭಾನುವಾರದ ಮಧ್ಯಾಹ್ನದ ಆಟಕ್ಕೆ ತಾಯಿ ಗುಂಡಮ್ಮನನ್ನು ಕೈಹಿಡಿದು ಕರೆತಂದ. ನಾನು ಪಕ್ಕದಲ್ಲಿ, ಗುರುವಿನ ಗತ್ತಿನಲ್ಲಿ. ಮಗಳನ್ನು ಗಂಡನ ಮನೆಗೆ ಕಳಿಸುವ ದೃಶ್ಯ. ಪರದೆಯ ಮೇಲೆ ಮಾಣಿಕಪ್ಪ ಬಾಯಿ ತೆರೆದ. ಹೊರಟದ್ದು ಬೇರೆಯವರ ದನಿ! ಇವನ ಉಚ್ಚಾರ ಒಗ್ಗಲಿಲ್ಲವೆಂದು, ಇವನಿಗೂ ತಿಳಿಸದೆ, ಮೈಸೂರು ಕಡೆಯ ಯಾರಿಂದಲೋ ಮಾತಾಡಿಸಿದ್ದರು.

“ಮಾಣಿಕಾ, ಇವ ಯಾರೋ? ನೀ ಯಾವಾಗ ಮಾತಾಡ್ತಿ?” ಗುಂಡಮ್ಮ ಕೇಳಿದಳು.

ನನಗೆ ನೆಲ ಬಿರಿಯಬಾರದೇ ಅನಿಸಿತು. ಮಾಣಿಕಪ್ಪ ಮಾತ್ರ ಎದ್ದು ನಿಂತು, ಹಿಂದಿನ ಕಿಂಡಿಯ ಆಪರೇಟರನಿಗೆ ಕೈಮುಗಿದು ಕೂಗಿದ: “ಒನ್ಸ್ ಮೋರ್, ಭಾಯಿ! ಆವಾಜ್ ಬಂದ್ ಮಾಡಿ ಹಾಕ್ರಿ!”

ನಾಟಕದ ಒನ್ಸ್ ಮೋರ್ ನಮ್ಮ ಟಾಕೀಸಿಗೂ ನಡೆದು ಬಂದಿತ್ತು. ಹಾಡು ಹಿಡಿಸಿದರೆ ರೀಲು ಹಿಂದಕ್ಕೆ ಸುತ್ತಲೇಬೇಕು. ಆದರೆ ಮಾತಿಗೆ, ಅದೂ ದನಿಯಿಲ್ಲದೆ, ಯಾರೂ ಕೇಳಿರಲಿಲ್ಲ. ಆಪರೇಟರ್ ಸುತ್ತಿದ. ಪರದೆಯ ಮೇಲೆ ತುಟಿಗಳು ಸದ್ದಿಲ್ಲದೆ ಅಲುಗಿದವು. ಅವ್ವನ ಹೆಗಲ ಮೇಲೆ ಕೈಯಿಟ್ಟು ಮಾಣಿಕಪ್ಪ ಆ ಮಾತನ್ನು ತಾನೇ ಹೇಳಿದ:

“ಅಳಬ್ಯಾಡವ್ವಾ. ಈ ಮನಿ ಬಾಗಲಾ ನಿನಗ ಎಂದೂ ಮುಚ್ಚಂಗಿಲ್ಲ. ಯಾವಾಗ ಬೇಕಾದ್ರೂ ಬಾ.”

ನಾನು ತಿದ್ದಿದ ಒಂದಕ್ಷರವೂ ಅದರಲ್ಲಿರಲಿಲ್ಲ. ಬೀಡಿ ಸೇದುವವರು ಕೂಡ ಕೈ ತಡೆದಿದ್ದರು. ನನ್ನ ಮೈಮೇಲೆ ಎದ್ದ ಮುಳ್ಳು, ನೆನೆದರೆ ಈಗಲೂ ಏಳುತ್ತದೆ.

“ಹಾಂ, ಈಗ ಬಂದ ನೋಡ್ರಿ ನನ್ನ ಮಗ,” ಅಂದಳು ಗುಂಡಮ್ಮ.

ಆಮೇಲೂ ಮಾಣಿಕಪ್ಪ ಬಹಳ ಚಿತ್ರಗಳಲ್ಲಿ ಬಂದ. ಮುಖ ಅವನದು, ದನಿ ಮಂದಿಯದು. ಈಗ ತಾಯಿಯೂ ಇಲ್ಲ, ಅವನೂ ಇಲ್ಲ. ಮೊನ್ನೆ ನಮ್ಮ ಹೊಸ ಟಿವಿಯಲ್ಲಿ ಅದೇ ಚಿತ್ರ ಬಂತು. ಆ ದೃಶ್ಯಕ್ಕೆ ಎದ್ದು ಹೋಗಿ ಗುಂಡಿ ತಿರುವಿ ದನಿ ಪೂರ್ತಿ ಇಳಿಸಿದೆ.

“ಆವಾಜ್ ಯಾಕ ಬಂದ್ ಮಾಡಿದ್ರಿ? ನಾ ಕೇಳಾಕತ್ತಿದ್ದೆ,” ಎಂದು ಹೆಂಡತಿ ರೇಗಿದಳು.

“ತಡಿ,” ಎಂದೆ. “ನಾನೂ ಕೇಳಾಕತ್ತೇನಿ.”